ಹಿತ್ತಿಲಿನ ಹಕ್ಕಿಗೆ ಕಿವಿಗೊಟ್ಟವರು



ನಿಮ್ಮ ಮನೆಯ ಹಿತ್ತಿಲಿಗೆ ಎಷ್ಟು ಬಗೆಯ ಹಕ್ಕಿಗಳು ಬರುತ್ತವೆ ಎಂದು ಯಾರಾದರೂ ಕೇಳಿದರೆ ಏನು ಹೇಳುವಿರಿ? ಕಾಗೆ, ಗುಬ್ಬಚ್ಚಿ, ಕೋಗಿಲೆ... ಹೆಚ್ಚೆಂದರೆ ಮೀನು ಕೊಯ್ಯುವ ಹೊತ್ತಿಗೆ ಸರಿಯಾಗಿ ತೆಂಗಿನ ಮಡಲಿನ ಮೇಲೆ ಬಂದು ಕೂರುವ ಗರುಡ. ಒಂದು ಕೈಯ ಬೆರಳು ಮುಗಿಯುವ ಮೊದಲೇ ನಮ್ಮಲ್ಲಿ ಹೆಚ್ಚಿನವರ ಲೆಕ್ಕ ಮುಗಿದುಬಿಡುತ್ತದೆ.

ಆದರೆ ನೀವು ದಿನಾ ಕೇಳುವ, ಹೆಸರು ಮಾತ್ರ ಗೊತ್ತಿರದ ಒಂದು ಹಕ್ಕಿ ಇದೆ. ಬೇಸಿಗೆಯ ದಿನಗಳಲ್ಲಿ ಸುಬ್‌ಹಿ ನಮಾಝ್ ಮುಗಿಯುವ ಹೊತ್ತಿಗೆ, ಇನ್ನೂ ಸರಿಯಾಗಿ ಬೆಳಕು ಹರಿಯುವ ಮೊದಲೇ, ಮನೆಯ ಹತ್ತಿರದ ಯಾವುದಾದರೂ ಎತ್ತರದ ಕೊಂಬೆಯಲ್ಲೋ ಟಿ.ವಿ. ಆ್ಯಂಟೆನಾದ ಕಂಬದಲ್ಲೋ ಕುಳಿತು ಇಂಪಾಗಿ ಸಿಳ್ಳೆ ಹಾಕುತ್ತದೆ. ಬೆನ್ನು ಮತ್ತು ಎದೆ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯಲ್ಲೊಂದು ಬಿಳಿ ಪಟ್ಟಿ, ಆಗಾಗ ಮೇಲಕ್ಕೆತ್ತುವ ಬಾಲ. ಹೆಣ್ಣು ಹಕ್ಕಿಯಲ್ಲಿ ಕಪ್ಪಿನ ಜಾಗದಲ್ಲಿ ಬೂದು ಬಣ್ಣ. ಕನ್ನಡದಲ್ಲಿ ಇದಕ್ಕೆ ಮಡಿವಾಳ ಹಕ್ಕಿ ಎನ್ನುತ್ತಾರೆ. ಬಾಂಗ್ಲಾದೇಶದವರು ಇದನ್ನೇ ತಮ್ಮ ರಾಷ್ಟ್ರಪಕ್ಷಿಯಾಗಿ ಆರಿಸಿಕೊಂಡಿದ್ದಾರೆ.

ಜಗತ್ತಿನ ಹಲವು ದೇಶಗಳನ್ನು ಕಂಡು ಬಂದ, ಭಾರತದ ಹಕ್ಕಿಪ್ರಿಯರನ್ನೆಲ್ಲ ಒಂದು ಕುಟುಂಬದಂತೆ ಬೆಸೆದ ಒಬ್ಬರ ಆತ್ಮಕಥೆಗೆ ಈ ಹಿತ್ತಿಲ ಹಕ್ಕಿಯದೇ ಹೆಸರು. ‘ದಿ ಸಾಂಗ್ ಆಫ್ ದಿ ಮ್ಯಾಗ್‌ಪೈ ರಾಬಿನ್’, ಅಂದರೆ ಮಡಿವಾಳ ಹಕ್ಕಿಯ ಹಾಡು. ಆ ಪುಸ್ತಕ ಹೊರಬಂದದ್ದು 2014ರಲ್ಲಿ. ಆದರೆ ಅದನ್ನು ಕಾಣಲು ಲೇಖಕರೇ ಇರಲಿಲ್ಲ. 2013ರ ಆಗಸ್ಟ್ 11ರಂದು ತಮ್ಮ 93ನೆಯ ವಯಸ್ಸಿನಲ್ಲಿ ಅವರು ಈ ಲೋಕಕ್ಕೆ ವಿದಾಯ ಹೇಳಿದ್ದರು. ಅವರ ಹೆಸರು ಝಫರ್ ಫತೇಹಲಿ.

ಅಗಲಿದವರ ಒಳಿತನ್ನು ನೆನೆಯುವುದು ನಮ್ಮ ಸಂಪ್ರದಾಯ. ಈ ಹಿರಿಯರನ್ನು ನೆನೆಯಲು ವಿಶೇಷವಾದ ಒಂದು ಕಾರಣವೂ ಇದೆ. ಅವರು ಬಿಟ್ಟುಹೋದ ಕೆಲಸವನ್ನು ಮುಂದುವರಿಸಲು ಕಾಡಿಗೆ ಹೋಗಬೇಕಾಗಿಲ್ಲ, ದೊಡ್ಡ ಪದವಿಯೂ ಬೇಕಾಗಿಲ್ಲ. ಅಡುಗೆಮನೆಯ ಕಿಟಕಿಯ ಬಳಿ ನಿಂತೇ ಅದನ್ನು ಮಾಡಬಹುದು.

ಮುಂಬೈಯಿಂದ ದೊಡ್ಡಗುಬ್ಬಿಗೆ

ಝಫರ್ ಫತೇಹಲಿ ಹುಟ್ಟಿದ್ದು 1920ರ ಮಾರ್ಚ್ 19ರಂದು, ಮುಂಬೈಯ ಅಂಧೇರಿಯಲ್ಲಿ. ವ್ಯಾಪಾರಸ್ಥರ ದೊಡ್ಡ ಕೂಡುಕುಟುಂಬ. ಅವರ ಬಾಳಸಂಗಾತಿ ಲಯೀಕ್, ಭಾರತದ ಪಕ್ಷಿಶಾಸ್ತ್ರಕ್ಕೆ ಬುನಾದಿ ಹಾಕಿದ ಡಾ. ಸಲೀಂ ಅಲಿಯವರ ಒಡಹುಟ್ಟಿದವರ ಮಗಳು. ಸಲೀಂ ಅಲಿಯವರ ಹೆಸರನ್ನು ನೀವು ಶಾಲೆಯ ಪಾಠದಲ್ಲಿ ಓದಿರಬಹುದು. ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದ ಅನಾಥ ಹುಡುಗ ಮುಂದೆ ದೇಶದ ಮೂಲೆಮೂಲೆಗಳ ಹಕ್ಕಿಗಳ ಸಮೀಕ್ಷೆ ನಡೆಸಿದರು. ನಮ್ಮ ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು 1939-40ರಲ್ಲಿ ನಡೆಸಿದವರೂ ಅವರೇ.

ಲಯೀಕ್ ಕೂಡ ಬರಹಗಾರ್ತಿ. ಸಲೀಂ ಅಲಿಯವರ ಜೊತೆ ಸೇರಿ ಅವರು ಬರೆದ ‘ಕಾಮನ್ ಬರ್ಡ್ಸ್’ ಎಂಬ ಪುಟ್ಟ ಪುಸ್ತಕವನ್ನು 1967ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿತು. ಜನಸಾಮಾನ್ಯರು ಕೊಂಡು ಓದಬಹುದಾದ ಪುಸ್ತಕ ಅದು. ಹೆಣ್ಣುಮಕ್ಕಳಲ್ಲಿ ಝಾಯಿ ವಿಟೇಕರ್ ವನ್ಯಜೀವಿಗಳ ಬಗ್ಗೆ ಬರೆಯುವ ಲೇಖಕಿಯಾದರು. ಶಮಾ ಫತೇಹಲಿ ಇಂಗ್ಲಿಷಿನ ಕಾದಂಬರಿಗಾರ್ತಿಯಾಗಿ ಹೆಸರು ಮಾಡಿದರು. ಶಮಾ 2004ರಲ್ಲಿ, ತಂದೆಗಿಂತ ಒಂಬತ್ತು ವರ್ಷ ಮೊದಲೇ ತೀರಿಕೊಂಡರು. ಬೆಳೆದು ನಿಂತ ಮಗಳನ್ನು ಮಣ್ಣಿಗೆ ಒಪ್ಪಿಸುವ ನೋವು ಎಂಥದು ಎಂದು ತಾಯಂದಿರಿಗೆ ಹೇಳಬೇಕಾಗಿಲ್ಲ.

ಫತೇಹಲಿಯವರು 1962ರಿಂದ 1973ರವರೆಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗೌರವ ಕಾರ್ಯದರ್ಶಿಯಾಗಿದ್ದರು. 1883ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. 1969ರಲ್ಲಿ ವಿಶ್ವ ವನ್ಯಜೀವಿ ನಿಧಿಯ ಭಾರತ ಶಾಖೆಯನ್ನು ಕಟ್ಟುವಲ್ಲಿ ಅವರ ಪಾತ್ರ ದೊಡ್ಡದು. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟಕ್ಕೆ ಉಪಾಧ್ಯಕ್ಷರೂ ಆಗಿದ್ದರು. ಈ ಹೊಣೆಗಳಿಂದಾಗಿ ಅವರಿಗೆ ದೇಶ ವಿದೇಶಗಳ ತಿರುಗಾಟ ತಪ್ಪಲಿಲ್ಲ. ಭಾರತ ಸರಕಾರ 1971ರಲ್ಲಿ ಪದ್ಮಶ್ರೀ ನೀಡಿ ಗೌರವಿಸಿತು.

1973ರಲ್ಲಿ ಅವರು ಮುಂಬೈಯ ಗದ್ದಲ ಬಿಟ್ಟು ಕರ್ನಾಟಕಕ್ಕೆ ಬಂದರು. ಬೆಂಗಳೂರಿನ ಹೊರವಲಯದಲ್ಲಿ ಅವರು ನೆಲೆಸಿದ್ದ ಊರಿನ ಹೆಸರು ಕೇಳಿದರೆ ನಿಮಗೆ ನಗು ಬರಬಹುದು. ದೊಡ್ಡಗುಬ್ಬಿ! ಹಕ್ಕಿಗಳಿಗಾಗಿ ಬದುಕಿದವರಿಗೆ ವಿಳಾಸದಲ್ಲೂ ಹಕ್ಕಿಯೇ.

ಎಲ್ಲರೂ ಬರೆಯಬಹುದಾದ ಪತ್ರಿಕೆ

ಇಷ್ಟೇ ಆಗಿದ್ದರೆ ಅವರೊಬ್ಬ ದೊಡ್ಡ ಅಧಿಕಾರಸ್ಥ, ಪ್ರಶಸ್ತಿ ಪಡೆದ ಗಣ್ಯ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅವರ ನಿಜವಾದ ಸಾಧನೆ ಒಂದು ಪುಟ್ಟ ಪತ್ರಿಕೆ, ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’.

1959-60ರಲ್ಲಿ ಆರಂಭವಾದಾಗ ಅದು ಅಚ್ಚಿನ ಪತ್ರಿಕೆಯೇ ಆಗಿರಲಿಲ್ಲ. ಹಿಂದೆ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದರಲ್ಲ, ಹಾಗೆ ಸೈಕ್ಲೋಸ್ಟೈಲ್ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದ ಕೆಲವು ಹಾಳೆಗಳು. ಹಕ್ಕಿಗಳ ಬಗ್ಗೆ ವಿದ್ವತ್ ಪತ್ರಿಕೆಗಳು ಆಗಲೂ ಇದ್ದವು. ಆದರೆ ಅವುಗಳಲ್ಲಿ ಬರೆಯಲು ಸಾಮಾನ್ಯರಿಗೆ ಧೈರ್ಯ ಬರುತ್ತಿರಲಿಲ್ಲ. ಫತೇಹಲಿಯವರ ಪತ್ರಿಕೆಯಲ್ಲಿ ಆ ಹೆದರಿಕೆ ಇರಲಿಲ್ಲ. ನಿಮ್ಮೂರಿನ ಕೆರೆಗೆ ಬಾತುಗಳು ಯಾವ ತಿಂಗಳು ಬಂದವು? ನಿಮ್ಮ ಮನೆಯ ಮಾಡಿನಲ್ಲಿ ಗುಬ್ಬಚ್ಚಿ ಎಷ್ಟು ಮೊಟ್ಟೆ ಇಟ್ಟಿತು? ಕಂಡದ್ದನ್ನು ಕಂಡ ಹಾಗೆ ಬರೆದರೆ ಸಾಕಿತ್ತು.

ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅವರು ಆ ಪತ್ರಿಕೆಯನ್ನು ನಡೆಸಿದರು. ಅವರೊಂದಿಗೆ ಅದೂ ಕರ್ನಾಟಕಕ್ಕೆ ಬಂತು. ದೇಶದ ಯಾವುದೋ ಮೂಲೆಯಲ್ಲಿ ಒಂಟಿಯಾಗಿ ಹಕ್ಕಿ ನೋಡುತ್ತಿದ್ದವರಿಗೆ, ‘ನನ್ನ ಹಾಗೆ ಇನ್ನೂ ಕೆಲವರಿದ್ದಾರೆ’ ಎಂದು ತಿಳಿದದ್ದು ಆ ಹಾಳೆಗಳಿಂದ. ಇಂದು ಮೊಬೈಲ್‌ನಲ್ಲಿ ಕ್ಷಣಾರ್ಧದಲ್ಲಿ ಆಗುವ ಕೆಲಸವನ್ನು ಅಂದು ಅಂಚೆಯಣ್ಣನ ಚೀಲ ಮಾಡುತ್ತಿತ್ತು.

ಜಮಾಲ್ ಆರಾ ಎಂಬ ಸಹೋದರಿ

ಆ ಪತ್ರಿಕೆಗೆ ಬರೆಯುತ್ತಿದ್ದವರಲ್ಲಿ ಒಬ್ಬರ ಬಗ್ಗೆ ನಿಮಗೆ ಹೇಳಲೇಬೇಕು. ಅವರ ಹೆಸರು ಜಮಾಲ್ ಆರಾ. 1923ರಲ್ಲಿ ಬಿಹಾರದ ಸಂಪ್ರದಾಯಸ್ಥ ಮುಸ್ಲಿಂ ಮನೆತನದಲ್ಲಿ ಹುಟ್ಟಿದ ಹೆಣ್ಣುಮಗಳು. ಶಾಲೆ ಹತ್ತನೆಯ ತರಗತಿಗೇ ಮುಗಿಯಿತು. ಬಂಧುಗಳಲ್ಲೇ ಮದುವೆಯಾಗಿ ಕೋಲ್ಕತ್ತಾಕ್ಕೆ ಹೋದರು. ಆ ದಾಂಪತ್ಯ ಉಳಿಯಲಿಲ್ಲ. ಪುಟ್ಟ ಮಗಳನ್ನು ಕಟ್ಟಿಕೊಂಡು ರಾಂಚಿಗೆ ಬಂದಾಗ ಅರಣ್ಯಾಧಿಕಾರಿಯಾಗಿದ್ದ ಬಂಧುವೊಬ್ಬರು ಆಸರೆಯಾದರು.

ಇಂಥ ಪರಿಸ್ಥಿತಿಯಲ್ಲಿ ಒಬ್ಬ ಹೆಣ್ಣುಮಗಳು ಕೈಚೆಲ್ಲಿ ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಜಮಾಲ್ ಆರಾ ಛೋಟಾ ನಾಗಪುರದ ಕಾಡುಗಳಲ್ಲಿ ಹಕ್ಕಿಗಳನ್ನು ನೋಡತೊಡಗಿದರು, ನೋಡಿದ್ದನ್ನು ಬರೆದಿಡತೊಡಗಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ, ಫತೇಹಲಿಯವರ ಪತ್ರಿಕೆಯಲ್ಲಿ ಅವರ ಬರಹಗಳು ಬಂದವು. ಹತ್ತನೆಯ ತರಗತಿ ಕಲಿತ ಆ ತಾಯಿ ಮಕ್ಕಳಿಗಾಗಿ ಬರೆದ ‘ವಾಚಿಂಗ್ ಬರ್ಡ್ಸ್’ ಪುಸ್ತಕವನ್ನು 1970ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಹೊರತಂದಿತು. ಅದು ಮತ್ತೆ ಮತ್ತೆ ಮರುಮುದ್ರಣ ಕಂಡಿತು.

1988ರ ನಂತರ ಅವರ ಲೇಖನಿ ಮೌನವಾಯಿತು. 1995ರಲ್ಲಿ ಅವರು ತೀರಿಕೊಂಡರು. ಅವರ ಪುಸ್ತಕ ಓದಿ ಬೆಳೆದವರಿಗೂ ಆಕೆ ಯಾರು, ಎಲ್ಲಿಯವರು ಎಂಬುದು ಬಹುಕಾಲ ತಿಳಿದಿರಲಿಲ್ಲ. ಇತ್ತೀಚಿನ ವರ್ಷಗಳಲ್ಲಷ್ಟೇ ಅವರ ಬದುಕಿನ ಕಥೆ ಬೆಳಕಿಗೆ ಬಂದಿದೆ. ಹೆಣ್ಣುಮಕ್ಕಳ ದುಡಿಮೆ ಹೀಗೆ ಸದ್ದಿಲ್ಲದೆ ಮರೆಯಾಗುವುದು ಹೊಸತೇನಲ್ಲ. ಆದರೆ ಬರೆದಿಟ್ಟದ್ದು ಉಳಿಯಿತು. ಬರೆದಿಟ್ಟದ್ದರಿಂದಲೇ ಇಂದು ನಾವು ಆಕೆಯನ್ನು ನೆನೆಯುತ್ತಿದ್ದೇವೆ.

ಪುಟ್ಟ ಹಕ್ಕಿಯ ಸಾವಿಗೂ ಸಾಂತ್ವನ

‘ಹಕ್ಕಿ ನೋಡುವುದೆಂದರೆ ಕೆಲಸವಿಲ್ಲದವರ ಹವ್ಯಾಸ ತಾನೇ? ಅದರಿಂದ ನಮ್ಮ ದೀನಿಗೆ, ದುನಿಯಾಕ್ಕೆ ಏನು ಪ್ರಯೋಜನ?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ಪವಿತ್ರ ಕುರ್‌ಆನ್ ನಮ್ಮನ್ನು ಹಕ್ಕಿಗಳ ಕಡೆಗೆ ಕಣ್ಣೆತ್ತಿ ನೋಡಲು ಹೇಳುತ್ತದೆ. ತಲೆಯ ಮೇಲೆ ರೆಕ್ಕೆ ಬಿಚ್ಚಿ, ಮಡಚಿ ಹಾರುವ ಹಕ್ಕಿಗಳನ್ನು ಹಿಡಿದು ನಿಲ್ಲಿಸಿರುವವನು ಯಾರೆಂದು ಯೋಚಿಸಲು ಸೂರಃ ಅಲ್‌ಮುಲ್ಕ್ ಕರೆ ನೀಡುತ್ತದೆ. ಭೂಮಿಯ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂದು ಸೂರಃ ಅಲ್‌ಅನ್‌ಆಮ್ ತಿಳಿಸುತ್ತದೆ. ರೆಕ್ಕೆ ಚಾಚಿದ ಹಕ್ಕಿಗಳಿಗೂ ತಮ್ಮ ಪ್ರಾರ್ಥನೆ, ತಮ್ಮ ಸ್ತುತಿ ಗೊತ್ತಿದೆ ಎಂದು ಸೂರಃ ಅನ್ನೂರ್ ಹೇಳುತ್ತದೆ. ಹಝ್ರತ್ ಸುಲೈಮಾನ್(ಅ)ರಿಗೆ ಸಬಾ ರಾಣಿಯ ಸುದ್ದಿ ತಂದ ಹುದ್‌ಹುದ್ ಯಾವುದು ಗೊತ್ತೇ? ತಲೆಯ ಮೇಲೆ ಕಿರೀಟ ಧರಿಸಿದಂತಿರುವ, ಕನ್ನಡದಲ್ಲಿ ಚಂದ್ರಮುಕುಟ ಎಂದು ಕರೆಯುವ ಹಕ್ಕಿ.

ಹದೀಸ್‌ನಲ್ಲಿ ಬರುವ ಪುಟ್ಟ ಅಬೂ ಉಮೈರ್‌ನ ಪ್ರಸಂಗ ನಿಮಗೆ ನೆನಪಿರಬಹುದು. ಉಮ್ಮು ಸುಲೈಮ್(ರ)ರ ಮಗ, ಹಝ್ರತ್ ಅನಸ್(ರ)ರ ಕಿರಿಯ ಸಹೋದರ. ಆ ಮಗುವಿನ ಬಳಿ ಗುಬ್ಬಚ್ಚಿಯಂಥ ಒಂದು ಪುಟ್ಟ ಹಕ್ಕಿ ಇತ್ತು. ಅದು ಸತ್ತುಹೋಯಿತು. ಮಗು ಬೇಸರದಲ್ಲಿತ್ತು. ಪ್ರವಾದಿ(ಸ) ಅದನ್ನು ಗಮನಿಸಿದರು, ಮಗುವನ್ನು ಹಿರಿಯರಂತೆ ಬಿರುದಿನಿಂದ ಕರೆದು, ಪ್ರಾಸದ ಮಾತಿನಲ್ಲಿ ಆ ಹಕ್ಕಿಯ ಬಗ್ಗೆ ವಿಚಾರಿಸಿದರು. ಒಂದು ಸಮುದಾಯದ, ಒಂದು ರಾಜ್ಯದ ಹೊಣೆ ಹೊತ್ತವರಿಗೆ ಒಂದು ಮಗುವಿನ ಸತ್ತ ಹಕ್ಕಿಯನ್ನು ವಿಚಾರಿಸಲು ಸಮಯವಿತ್ತು! ಈ ಒಂದೇ ಹದೀಸ್‌ನಿಂದ ವಿದ್ವಾಂಸರು ಅರುವತ್ತಕ್ಕೂ ಹೆಚ್ಚು ಪಾಠಗಳನ್ನು ಹೆಕ್ಕಿ ತೆಗೆದಿದ್ದಾರೆ. ಪ್ರಯಾಣದಲ್ಲಿ ಮರಿಗಳನ್ನು ಕಳೆದುಕೊಂಡ ತಾಯಿಹಕ್ಕಿ ಚಡಪಡಿಸುವುದನ್ನು ಕಂಡು, ಮರಿಗಳನ್ನು ತಾಯಿಗೆ ಹಿಂದಿರುಗಿಸುವಂತೆ ಪ್ರವಾದಿ(ಸ) ಆದೇಶಿಸಿದ ಘಟನೆ ಅಬೂದಾವೂದ್‌ನಲ್ಲಿದೆ.

ಅಂದಮೇಲೆ ಹಕ್ಕಿಯನ್ನು ಗಮನಿಸುವುದು ನಮ್ಮ ಪರಂಪರೆಯ ಹೊರಗಿನದ್ದಲ್ಲ. ನಮ್ಮ ಕಣ್ಣೇ ಆ ಕಡೆ ಹೋಗುವುದು ಕಡಿಮೆಯಾಗಿದೆ, ಅಷ್ಟೆ.

ಲೆಕ್ಕ ಇಟ್ಟವರಿದ್ದರು, ಆದ್ದರಿಂದ ತಿಳಿಯಿತು

ದುನಿಯಾದ ಪ್ರಯೋಜನಕ್ಕೆ ಒಂದು ಉದಾಹರಣೆ ನೋಡಿ. ಸತ್ತ ಜಾನುವಾರುಗಳನ್ನು ತಿಂದು ಊರನ್ನು ಸ್ವಚ್ಛವಾಗಿಡುತ್ತಿದ್ದ ರಣಹದ್ದುಗಳು ಹಿಂದೆ ಭಾರತದಲ್ಲಿ ಲಕ್ಷಾಂತರ ಇದ್ದವು. 1990ರ ದಶಕದಲ್ಲಿ ಅವು ಕಾಣೆಯಾಗತೊಡಗಿದವು. ಕಾಣೆಯಾಗುತ್ತಿವೆ ಎಂದು ಗೊತ್ತಾದದ್ದಾದರೂ ಹೇಗೆ? ರಾಜಸ್ಥಾನದ ಭರತಪುರದಲ್ಲಿ ವಿಭು ಪ್ರಕಾಶ್ ಎಂಬ ವಿಜ್ಞಾನಿ 1980ರ ದಶಕದಲ್ಲೇ ಅವುಗಳ ಗೂಡುಗಳನ್ನು ಎಣಿಸಿಟ್ಟಿದ್ದರು. ಹಳೆಯ ಲೆಕ್ಕ ಇದ್ದುದರಿಂದ ಹೊಸ ನಷ್ಟ ಕಣ್ಣಿಗೆ ಬಿತ್ತು. ಜಾನುವಾರುಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ, ಆ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುತ್ತಿದೆ ಎಂದು 2004ರಲ್ಲಿ ತಿಳಿಯಿತು. ಜಾನುವಾರುಗಳಿಗೆ ಅದನ್ನು ಬಳಸುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ರಷ್ಟು ಅಳಿದುಹೋಗಿದ್ದವು.

ಎಲ್ಲ ಹಕ್ಕಿಗಳ ಲೆಕ್ಕ ಇಡಲು ವಿಜ್ಞಾನಿಗಳಷ್ಟೇ ಸಾಲುವುದಿಲ್ಲ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ ದೊಡ್ಡ ವರದಿಯೊಂದು ಹೊರಬಂತು. ಸುಮಾರು 30,000 ಹಕ್ಕಿವೀಕ್ಷಕರು ದಾಖಲಿಸಿದ 3 ಕೋಟಿ ವೀಕ್ಷಣೆಗಳೇ ಅದಕ್ಕೆ ಆಧಾರ. 942 ಪ್ರಭೇದಗಳನ್ನು ಪರಿಶೀಲಿಸಿ, ಅವುಗಳಲ್ಲಿ 178ಕ್ಕೆ ತುರ್ತಾಗಿ ರಕ್ಷಣೆ ಬೇಕೆಂದು ಅದು ಹೇಳಿತು. ಆ ವೀಕ್ಷಕರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಹಾಗೆ ಸಾಮಾನ್ಯರು. ಫತೇಹಲಿಯವರ ಸೈಕ್ಲೋಸ್ಟೈಲ್ ಹಾಳೆಗಳು ಹಚ್ಚಿದ ಹಣತೆ ಇಂದು ಇಷ್ಟು ದೊಡ್ಡ ಬೆಳಕಾಗಿದೆ.

ಉಡುಪಿಯ ಅಂಗಳದಲ್ಲಿ ಏನಾಗುತ್ತಿದೆ?

ಈಗ ನಮ್ಮೂರಿನ ಕಡೆ ಬರೋಣ. ಉಡುಪಿ ಜಿಲ್ಲೆಯಲ್ಲಿರುವ ನಾವು ಈ ವಿಷಯದಲ್ಲಿ ಅದೃಷ್ಟವಂತರು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ನಡುವೆ ಹೊಳೆ, ಗದ್ದೆ, ತೋಟ. ಚಳಿಗಾಲದಲ್ಲಿ ಕುಟುಂಬದೊಂದಿಗೆ ಕಾಪು ಕಡಲತೀರಕ್ಕೆ ಹೋದಾಗ 1901ರ ಆ ದೀಪಸ್ತಂಭದ ಮುಂದೆ ಫೋಟೋ ತೆಗೆದು ಬರುತ್ತೇವೆ. ಅಲೆಯ ಅಂಚಿನಲ್ಲಿ ಗುಂಪಾಗಿ ಓಡಾಡುವ ಪುಟ್ಟ ಹಕ್ಕಿಗಳನ್ನು, ನೀರಿನ ಮೇಲೆ ತೇಲಾಡುವ ಬಿಳಿಯ ಕಡಲಹಕ್ಕಿಗಳನ್ನು ಗಮನಿಸಿದ್ದೀರಾ? ಅವುಗಳಲ್ಲಿ ಕೆಲವು ಲಡಾಖ್, ಟಿಬೆಟ್, ಮಧ್ಯ ಏಶ್ಯಾದ ಎತ್ತರದ ನಾಡುಗಳಲ್ಲಿ ಮರಿಮಾಡಿ, ಚಳಿಗೆ ಹೆದರಿ ನಮ್ಮ ಕರಾವಳಿಗೆ ಬಂದ ಅತಿಥಿಗಳು. ನಮ್ಮ ಮನೆಗಳ ಗಂಡಸರು ಅನ್ನ ಹುಡುಕಿಕೊಂಡು ಗಲ್ಫಿಗೆ ಹಾರುತ್ತಾರೆ. ಅದೇ ಅನ್ನಕ್ಕಾಗಿ ಈ ಹಕ್ಕಿಗಳು ನಮ್ಮಲ್ಲಿಗೆ ಹಾರಿ ಬರುತ್ತವೆ. ಮುಂಜಾನೆ ಹಸಿದು ಹೊರಟು ಸಂಜೆ ಹೊಟ್ಟೆ ತುಂಬಿ ಮರಳುವ ಹಕ್ಕಿಯನ್ನು ಪ್ರವಾದಿ(ಸ) ತವಕ್ಕುಲ್‌ಗೆ ಉದಾಹರಣೆಯಾಗಿ ಕೊಟ್ಟದ್ದು ಸುಮ್ಮನೆ ಅಲ್ಲ.

ಮಣಿಪಾಲದ ಎತ್ತರದ ಕಟ್ಟಡಗಳ ನಡುವೆಯೂ ಮಣ್ಣಪಳ್ಳ ಕೆರೆ ಇದೆ. ಅಲ್ಲಿ ನಡೆದಾಡಲು ಹೋಗುವ ಸಹೋದರಿಯರು ನೀರಿನಂಚಿನಲ್ಲಿ ಮಿಂಚುಳ್ಳಿಗಾಗಿ ಕಣ್ಣಾಡಿಸಿ. ಕಾರ್ಕಳದವರಿಗೆ ಆನೆಕೆರೆ, ರಾಮಸಮುದ್ರಗಳಿವೆ. ಅಲ್ಲಿಂದ ಮೂಡಣಕ್ಕೆ ಸಾಗಿದರೆ ಕುದುರೆಮುಖದ ಕಾಡು, ಅಲ್ಲಿ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳು.

ಆದರೆ ನಮ್ಮ ಮನೆಯ ಸುತ್ತ ಏನಾಗುತ್ತಿದೆ? ಹಂಚಿನ ಮಾಡು ಹೋಗಿ ತಾರಸಿ ಬಂತು, ಗುಬ್ಬಚ್ಚಿಗೆ ಗೂಡು ಕಟ್ಟುವ ಸಂದು ಇಲ್ಲವಾಯಿತು. ಮಣ್ಣಿನ ಅಂಗಳಕ್ಕೆ ಇಂಟರ್‌ಲಾಕ್ ಬಂತು, ಹುಳ ಹೆಕ್ಕುವ ಮಡಿವಾಳ ಹಕ್ಕಿಗೆ ಊಟ ತಪ್ಪಿತು. ಅದು ಮರದ ಪೊಟರೆಯಲ್ಲಿ, ಗೋಡೆಯ ತೂತಿನಲ್ಲಿ ಮೊಟ್ಟೆ ಇಡುವ ಹಕ್ಕಿ. ಒಣಗಿದ ಮರವನ್ನು ನಾವು ‘ಚಂದ ಕಾಣುವುದಿಲ್ಲ’ ಎಂದು ಕಡಿಸುತ್ತೇವೆ. ಹೊಸ ಮನೆ ಕಟ್ಟಬಾರದೆಂದು ಯಾರೂ ಹೇಳುವುದಿಲ್ಲ. ಮಕ್ಕಳು ಮರಿಗಳಿಗೆ ಒಳ್ಳೆಯ ಮನೆ ಬೇಕು. ಆದರೆ ಹತ್ತು ಸೆಂಟ್ಸ್ ಜಾಗದಲ್ಲಿ ಒಂದು ಮೂಲೆಯನ್ನಾದರೂ ಮಣ್ಣಾಗಿಯೇ ಬಿಡಬಹುದಲ್ಲವೇ?

ಇನ್ನೊಂದು ನಷ್ಟ ನಮಗೆ ಗೊತ್ತಾಗುವುದೇ ಇಲ್ಲ. ನಮ್ಮ ಅಜ್ಜಿಯಂದಿರಿಗೆ ಬ್ಯಾರಿಯಲ್ಲೋ ತುಳುವಿನಲ್ಲೋ ಹತ್ತಾರು ಹಕ್ಕಿಗಳ ಹೆಸರು ಗೊತ್ತಿತ್ತು. ಕೆಂಬೂತವನ್ನು ತುಳುವಿನಲ್ಲಿ ಕುಪ್ಪುಳು ಎನ್ನುವುದು ಇಂದು ಎಷ್ಟು ಮಕ್ಕಳಿಗೆ ಗೊತ್ತು? ಯಾವ ಹಕ್ಕಿ ಕೂಗಿದರೆ ಮಳೆ ಹತ್ತಿರ, ಯಾವುದು ಯಾವ ಮರದ ಹಣ್ಣಿಗೆ ಬರುತ್ತದೆ ಎಂದು ಅವರು ಹೇಳುತ್ತಿದ್ದರು. ಒಬ್ಬ ಅಜ್ಜಿಯ ಮಯ್ಯಿತ್ ಮನೆಯಿಂದ ಹೊರಟಾಗ ಆ ತಿಳಿವಳಿಕೆಯೂ ಅವರೊಂದಿಗೆ ಹೊರಟುಹೋಗುತ್ತದೆ, ಏಕೆಂದರೆ ಯಾರೂ ಅದನ್ನು ಬರೆದಿಟ್ಟಿಲ್ಲ. ಫತೇಹಲಿಯವರಂಥವರು ಜೀವಮಾನವಿಡೀ ‘ಬರೆಯಿರಿ, ಬರೆಯಿರಿ’ ಎಂದು ಜನರ ಬೆನ್ನು ಹತ್ತಿದ್ದು ಇದಕ್ಕಾಗಿಯೇ.

ನೀವು ಹೀಗೆ ಮಾಡಬಹುದು

* ದುಬಾರಿ ದುರ್ಬೀನು ಬೇಡ. ಮಕ್ಕಳ ಹಳೆಯ ನೋಟ್‌ಬುಕ್ ಒಂದು ಸಾಕು. ದಿನಾಂಕ, ಸಮಯ, ಸ್ಥಳ, ಹಕ್ಕಿಯ ಹೆಸರು, ಎಷ್ಟಿದ್ದವು, ಏನು ಮಾಡುತ್ತಿದ್ದವು, ಇಷ್ಟನ್ನು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಗಾತ್ರ, ಕೂಗನ್ನು ಬರೆಯಿರಿ. ಕಾಗೆಗಿಂತ ದೊಡ್ಡದೇ, ಗುಬ್ಬಚ್ಚಿಗಿಂತ ಸಣ್ಣದೇ ಎಂದು ಬರೆದರೂ ಸಾಕು.

* ಬೆಳಿಗ್ಗೆ ದಿಕ್ರ್, ಕುರ್‌ಆನ್ ಪಾರಾಯಣದ ನಂತರ ಚಹಾಕ್ಕೆ ನೀರಿಟ್ಟು ಹದಿನೈದು ನಿಮಿಷ ಹಿತ್ತಿಲ ಬಾಗಿಲಲ್ಲಿ ನಿಲ್ಲಿ. ಹಕ್ಕಿಗಳು ಹೆಚ್ಚು ಚಟುವಟಿಕೆಯಿಂದಿರುವುದು ಆಗಲೇ.

* ಬೇಸಿಗೆಯಲ್ಲಿ ಆಳವಿಲ್ಲದ ಮಣ್ಣಿನ ಬಟ್ಟಲಲ್ಲಿ ನೀರಿಡಿ. ದಿನಾ ನೀರು ಬದಲಿಸಿ, ಸೊಳ್ಳೆಯಾಗದಂತೆ ತೊಳೆಯಿರಿ.

* ದಾಸವಾಳ, ಕೇಪುಳ, ನೇರಳೆ, ಅತ್ತಿ ಇವುಗಳಿಗೆ ಜಾಗ ಕೊಡಿ. ಹೂವಿಗೆ ಸೂರಕ್ಕಿ, ಹಣ್ಣಿಗೆ ಕುಟ್ರುಹಕ್ಕಿ, ಪಿಕಳಾರ ಬರುತ್ತವೆ. ನೆಟ್ಟ ಗಿಡದಿಂದ ಮನುಷ್ಯನೋ ಪ್ರಾಣಿಯೋ ಹಕ್ಕಿಯೋ ತಿಂದರೆ ಅದು ನೆಟ್ಟವರ ಪಾಲಿಗೆ ಸದಕಾ ಎಂದು ಪ್ರವಾದಿ(ಸ) ಕಲಿಸಿದ್ದಾರೆ.

* ಗೂಡಿಗೆ ಕೈ ಹಾಕದಂತೆ, ಕವಣೆ ಬೀಸದಂತೆ ಮಕ್ಕಳಿಗೆ ತಿಳಿಹೇಳಿ. ಬರಿಯ ‘ಬೇಡ’ ಎಂದರೆ ಮಕ್ಕಳು ಕೇಳುವುದಿಲ್ಲ. ಅಬೂ ಉಮೈರ್‌ನ ಕಥೆ ಹೇಳಿ, ಕೇಳುತ್ತಾರೆ.

* ಮೊಬೈಲ್ ಬಳಸುವವರಾದರೆ ನಿಮ್ಮ ಪಟ್ಟಿಯನ್ನು ‘ಇ-ಬರ್ಡ್’ ಎಂಬ ಉಚಿತ ತಾಣಕ್ಕೆ ಸೇರಿಸಬಹುದು. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತದವರು 2013ರಿಂದ ಅದರಲ್ಲಿ ಭಾಗವಹಿಸುತ್ತಿದ್ದಾರೆ. ಹದಿನೈದು ನಿಮಿಷ ನೋಡಿದರೂ ಸಾಕು.

* ಮನೆಯಲ್ಲಿ ಅಜ್ಜಿ ಇದ್ದರೆ ಅವರ ಬಳಿ ಕುಳಿತು ಹಕ್ಕಿಗಳ ಹೆಸರು ಕೇಳಿ ಬರೆದುಕೊಳ್ಳಿ. ಈ ಒಂದು ಕೆಲಸಕ್ಕೆ ಮಾತ್ರ ತಡಮಾಡಬೇಡಿ.

ಸಾವಿನ ನಂತರವೂ ಉಳಿಯುವುದು

ಮನುಷ್ಯ ತೀರಿಕೊಂಡಾಗ ಅವನ ಕರ್ಮಗಳ ಬಾಗಿಲು ಮುಚ್ಚುತ್ತದೆ, ಆದರೆ ನಿರಂತರ ದಾನ, ಜನರಿಗೆ ಉಪಯೋಗವಾಗುವ ಜ್ಞಾನ, ಪ್ರಾರ್ಥಿಸುವ ಸತ್ಸಂತಾನ ಈ ಮೂರರ ಫಲ ಮುಂದುವರಿಯುತ್ತದೆ ಎಂಬುದು ನಾವೆಲ್ಲ ಕೇಳಿದ ಹದೀಸ್. ಉಪಯುಕ್ತ ಜ್ಞಾನ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ದೊಡ್ಡ ಗ್ರಂಥಗಳು. ಅವು ಸರಿಯೇ. ಆದರೆ ಒಂದು ಕೆರೆಗೆ ಯಾವ ತಿಂಗಳು ಎಷ್ಟು ಬಾತುಗಳು ಬಂದವು ಎಂದು ಐವತ್ತು ವರ್ಷಗಳ ಹಿಂದೆ ಯಾರೋ ಬರೆದ ಎರಡು ಸಾಲು, ಇಂದು ಆ ಕೆರೆಯನ್ನು ಉಳಿಸಲು ಹೋರಾಡುವವರಿಗೆ ಆಧಾರವಾಗುತ್ತದೆ. ಅದೂ ಉಪಯುಕ್ತ ಜ್ಞಾನವೇ.

ಝಫರ್ ಫತೇಹಲಿ ಅಂಥ ಸಾವಿರಾರು ಸಾಲುಗಳನ್ನು ಕೂಡಿಟ್ಟು ಹೋದರು. ಜಮಾಲ್ ಆರಾ ಕಷ್ಟಗಳ ನಡುವೆಯೂ ಅದಕ್ಕೆ ತಮ್ಮ ಪಾಲು ಸೇರಿಸಿ ಹೋದರು. ಅವರಿಬ್ಬರ ಲೋಪದೋಷಗಳನ್ನು ಅಲ್ಲಾಹನು ಮನ್ನಿಸಲಿ, ಅವರ ಒಳಿತನ್ನು ಸ್ವೀಕರಿಸಲಿ ಎಂದು ಪ್ರಾರ್ಥಿಸೋಣ.

ನಾಳೆ ಬೆಳಿಗ್ಗೆ ನಿಮ್ಮ ಹಿತ್ತಿಲಲ್ಲಿ ಹಕ್ಕಿಯೊಂದು ಹಾಡಿದರೆ ಹೊರಗೆ ಬಂದು ನೋಡಿ. ಅದರ ಹೆಸರನ್ನು ಮಕ್ಕಳಿಗೆ ಹೇಳಿ. ನಂತರ ನೋಟ್‌ಬುಕ್ ತೆರೆದು ಮೊದಲ ಸಾಲು ಬರೆಯಿರಿ.